ಸಬ್‌ವೂಫರ್‌ಗಿಂತ ಮೊದಲು ವೈರು

ಕಳೆದ ಮಳೆಗಾಲದ ಒಂದು ಸಂಜೆ. ಮೂಡುಬಿದಿರೆಯಲ್ಲಿ ಸಂಬಂಧಿಕರ ಮದುವೆ ಮುಗಿಸಿ ದೊಡ್ಡಮ್ಮನ ಮಗನ ಕಾರಿನಲ್ಲಿ ಮಂಗಳೂರಿಗೆ ವಾಪಸಾಗುತ್ತಿದ್ದೆವು. ಹಿಂದಿನ ಸೀಟಿನಲ್ಲಿ ದೊಡ್ಡಮ್ಮ, ಅಮ್ಮ. ಮುಂದೆ ಅಣ್ಣ ಮತ್ತು ನಾನು. ಹೊಸದಾಗಿ ಹಾಕಿಸಿದ್ದ ಮ್ಯೂಸಿಕ್ ಸಿಸ್ಟಮ್‌ನಲ್ಲಿ ಹಾಡು. ಕುಲಶೇಖರ ದಾಟಿ ನಂತೂರು ಹತ್ತಿರ ಬರುವಾಗ ಹಾಡು ನಿಂತಿತು. ಪ್ಲಾಸ್ಟಿಕ್ ಸುಟ್ಟ ವಾಸನೆ. "ಎಂಥದೋ ಕರಟಿದ ಹಾಗೆ ಉಂಟಲ್ಲ?" ಎಂದು ದೊಡ್ಡಮ್ಮ ಹೇಳುವಷ್ಟರಲ್ಲಿ ಬಾನೆಟ್‌ನ ಸಂದಿಯಿಂದ ಹೊಗೆ ಬರತೊಡಗಿತು.

ಅಣ್ಣ ಕಾರನ್ನು ಬದಿಗೆ ಹಾಕಿದ. ಅಮ್ಮಂದಿರನ್ನು ಮಳೆಯಲ್ಲೇ ಕೆಳಗಿಳಿಸಿದೆವು. ಅಲ್ಲೇ ನಿಂತಿದ್ದ ರಿಕ್ಷಾದ ಚಾಲಕರೊಬ್ಬರು ಸ್ಪ್ಯಾನರ್ ಹಿಡಿದು ಓಡಿ ಬಂದು, ಬಾನೆಟ್ ಎತ್ತಿಸಿ, ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿದರು. ಹೊಗೆ ನಿಂತಿತು. "ಎರಡು ನಿಮಿಷ ತಡ ಆಗಿದ್ರೆ ಕಾರೇ ಇರ್ತಿರ್ಲಿಲ್ಲ ಮಾರಾಯ್ರೆ" ಎಂದರು. ಅವರ ಮಾತಿನಲ್ಲಿ ಉತ್ಪ್ರೇಕ್ಷೆ ಇರಲಿಲ್ಲ ಎಂಬುದು ಮರುದಿನ ಆ ವೈರನ್ನು ಹೊರಗೆಳೆದಾಗ ಗೊತ್ತಾಯಿತು.

ನನಗೆ ಇವತ್ತಿಗೂ ಚುಚ್ಚುವುದು ಬೇರೆಯೇ ವಿಷಯ. ಆ ಸಿಸ್ಟಮ್ ಹಾಕಿಸುವ ದಿನ ಅಂಗಡಿಯಲ್ಲಿ ಅಣ್ಣನ ಜೊತೆ ನಾನೂ ಇದ್ದೆ. ನಾನು ಓದಿದ್ದು ಎಲೆಕ್ಟ್ರಿಕಲ್ ಡಿಪ್ಲೊಮಾ. ಓಮ್‌ನ ನಿಯಮವನ್ನು ಮೂರು ವರ್ಷ ಪರೀಕ್ಷೆಯಲ್ಲಿ ಬರೆದು ಪಾಸಾದವನು. ಆದರೂ ಅಂದು ನಾವು ಕೇಳಿದ್ದು ಎಷ್ಟು ವ್ಯಾಟ್, ಎಷ್ಟು ಇಂಚು, ಲೈಟ್ ನೀಲಿಯೋ ಕೆಂಪೋ ಎಂದು ಮಾತ್ರ. ವೈರಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ವೈರಿಂಗ್ ಕಿಟ್ ಇದರಲ್ಲೇ ಸೇರಿದೆ" ಎಂದರು, ತಲೆಯಾಡಿಸಿದೆವು. ಹಾಗಾಗಿ ಈ ಬರಹ ಅಂಗಡಿಯವರ ಮೇಲಿನ ದೂರಲ್ಲ. ಮೊದಲ ಸಂಬಳದಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಕೊಂಡು, ಎರಡನೇ ಸಂಬಳದಲ್ಲಿ ಅದಕ್ಕೆ ಸಬ್‌ವೂಫರ್ ಹಾಕಿಸುವ ನಮ್ಮ ವಯಸ್ಸಿನವರಿಗೆ ಒಂದು ಮಾತು. ಕೊನೆಗೆ ಉಳಿದ ದುಡ್ಡಿನಲ್ಲಿ ವೈರು ಕೊಳ್ಳಬೇಡಿ. ಮೊದಲು ವೈರಿನ ಲೆಕ್ಕ ಮಾಡಿ, ಉಳಿದ ದುಡ್ಡಿಗೆ ಎಷ್ಟು ದೊಡ್ಡ ಆಂಪ್ಲಿಫೈಯರ್ ಬರುತ್ತದೋ ಅಷ್ಟನ್ನೇ ಕೊಳ್ಳಿ.

"ಕಾರಿನದ್ದು ಬರೀ 12 ವೋಲ್ಟ್, ಅದರಿಂದ ಎಂಥ ಆಗ್ತದೆ?" ಎನ್ನುವವರು ಬಹಳ ಜನ. ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ ನಿಜ. ಆದರೆ ಬೆಂಕಿಗೆ ಬೇಕಾದದ್ದು ವೋಲ್ಟ್ ಒಂದೇ ಅಲ್ಲ, ಕರೆಂಟ್ ಕೂಡ. ಮನೆಯಲ್ಲಿ ಅಮ್ಮನ 500 ವ್ಯಾಟ್‌ನ ಮಿಕ್ಸಿಯನ್ನೇ ನೋಡಿ. 230 ವೋಲ್ಟ್‌ನಲ್ಲಿ ಅದು ಎಳೆಯುವುದು ಎರಡು ಆಂಪಿಯರ್‌ಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಅದಕ್ಕೇ ಅದರ ವೈರು ಸಪೂರ ಇದ್ದರೂ ನಡೆಯುತ್ತದೆ. ಅದೇ 500 ವ್ಯಾಟ್ ಸದ್ದನ್ನು ಕಾರಿನಲ್ಲಿ ಹೊರಡಿಸಬೇಕಾದರೆ? ಎಂಜಿನ್ ಓಡುವಾಗ ಸಿಗುವುದು ಸುಮಾರು 13.8 ವೋಲ್ಟ್. ಆಂಪ್ಲಿಫೈಯರ್ ಒಳಗೆ ಬಿಸಿಯಾಗಿ ವ್ಯರ್ಥವಾಗುವ ಶಕ್ತಿಯನ್ನೂ ಸೇರಿಸಿದರೆ 45 ಆಂಪಿಯರ್ ಬೇಕು. ಮಿಕ್ಸಿಯ ಇಪ್ಪತ್ತು ಪಟ್ಟು.

ಮಳೆಗಾಲದಲ್ಲಿ ಕರೆಂಟ್ ಹೋಗುವ ನಮ್ಮ ಊರಿನಲ್ಲಿ ಇನ್ವರ್ಟರ್ ಇರುವ ಮನೆಗಳು ಬೇಕಾದಷ್ಟಿವೆ. ಒಮ್ಮೆ ನೋಡಿ. ಇನ್ವರ್ಟರ್‌ನಿಂದ ಫ್ಯಾನು, ದೀಪಕ್ಕೆ ಹೋಗುವ ವೈರು ಸಪೂರ. ಬ್ಯಾಟರಿಯಿಂದ ಇನ್ವರ್ಟರ್‌ಗೆ ಬರುವುದು ಮಾತ್ರ ಬೆರಳಿನಷ್ಟು ದಪ್ಪ, ಉದ್ದ ಒಂದು ಮೀಟರಿನ ಆಸುಪಾಸು. ಕಾರಣ ಇದೇ. ಕಾರಿನ ಕಷ್ಟವೇನೆಂದರೆ ಬ್ಯಾಟರಿ ಸಾಮಾನ್ಯವಾಗಿ ಮುಂದೆ ಬಾನೆಟ್ ಅಡಿಯಲ್ಲಿ, ಆಂಪ್ಲಿಫೈಯರ್ ಹಿಂದೆ ಡಿಕ್ಕಿಯಲ್ಲಿ. ನಡುವೆ ಕಾರ್ಪೆಟ್ ಅಡಿಯಲ್ಲಿ ನಾಲ್ಕೈದು ಮೀಟರ್ ವೈರು.

ಹಾಗಾದರೆ ಎಷ್ಟು ದಪ್ಪದ ವೈರು ಬೇಕು? ಇದಕ್ಕೆ ಎಂಜಿನಿಯರಿಂಗ್ ಬೇಡ, ಮೊಬೈಲ್‌ನ ಕ್ಯಾಲ್ಕುಲೇಟರ್ ಸಾಕು. 0.0175ನ್ನು ವೈರಿನ ಉದ್ದದಿಂದ (ಮೀಟರ್) ಗುಣಿಸಿ, ಬಂದದ್ದನ್ನು ಆಂಪಿಯರ್‌ನಿಂದ ಗುಣಿಸಿ, ಅದನ್ನು ವೈರಿನ ಅಡ್ಡಕೊಯ್ತದ ವಿಸ್ತೀರ್ಣದಿಂದ, ಅಂದರೆ ಅಂಗಡಿಯವರು ಸ್ಕ್ವೇರ್ ಎಂಎಂ ಎನ್ನುತ್ತಾರಲ್ಲ, ಅದರಿಂದ ಭಾಗಿಸಿ. ಬಂದ ಉತ್ತರ ತಾಮ್ರದ ಆ ವೈರಿನಲ್ಲಿ ದಾರಿಯಲ್ಲೇ ಕಳೆದುಹೋಗುವ ವೋಲ್ಟ್. ಐದು ಮೀಟರ್ ಉದ್ದ, 40 ಆಂಪಿಯರ್ ಎಂದಿಟ್ಟುಕೊಂಡರೆ, 16 ಸ್ಕ್ವೇರ್ ಎಂಎಂ ವೈರಿನಲ್ಲಿ ನಷ್ಟ 0.22 ವೋಲ್ಟ್. ಅದರ ಅರ್ಧ, ಅಂದರೆ 8 ಸ್ಕ್ವೇರ್ ಎಂಎಂ ಹಾಕಿದರೆ 0.44. ಅರ್ಧ ವೋಲ್ಟ್ ಒಳಗಿದ್ದರೆ ಪರವಾಗಿಲ್ಲ, ಕಾಲು ವೋಲ್ಟ್ ಆಸುಪಾಸಿನಲ್ಲಿದ್ದರೆ ಒಳ್ಳೆಯದು ಎಂದು ಇಟ್ಟುಕೊಂಡರೆ ಸಾಮಾನ್ಯ ಬಳಕೆಗೆ ಸಾಕು.

ಆಂಪಿಯರ್ ಎಷ್ಟು ಎಂದು ತಿಳಿಯಲು ಡಬ್ಬದ ಮೇಲಿನ ದೊಡ್ಡ ಅಕ್ಷರದ ವ್ಯಾಟ್ ನೋಡಬೇಡಿ. ಹಿಂದೆ ಟೇಪ್‌ರೆಕಾರ್ಡರ್‌ಗಳ ಮೇಲೆ ಸಾವಿರಗಟ್ಟಲೆ ಪಿಎಂಪಿಒ ಎಂದು ಸ್ಟಿಕರ್ ಅಂಟಿಸುತ್ತಿದ್ದದ್ದನ್ನು ನಮ್ಮ ಅಪ್ಪಂದಿರು ನೋಡಿದ್ದಾರೆ. ಅದರ ಮೊಮ್ಮಗನೇ ಈಗಿನ 'ಮ್ಯಾಕ್ಸ್ ಪವರ್'. ಆಂಪ್ಲಿಫೈಯರ್‌ನ ಬದಿಯಲ್ಲಿ ಸಿಕ್ಕಿಸಿರುವ ಬಣ್ಣದ ಫ್ಯೂಸ್ ನೋಡಿ. ಅದು ಅಷ್ಟು ಸುಲಭಕ್ಕೆ ಸುಳ್ಳು ಹೇಳುವುದಿಲ್ಲ. ಅಣ್ಣನ ಆಂಪ್ಲಿಫೈಯರ್ ಡಬ್ಬದ ಮೇಲೆ 1000 ವ್ಯಾಟ್ ಎಂದಿತ್ತು. ಫ್ಯೂಸ್ ಇದ್ದದ್ದು 30 ಆಂಪಿಯರ್‌ನದ್ದು, ಒಂದೇ ಒಂದು. 30 ಆಂಪಿಯರನ್ನು 13.8 ವೋಲ್ಟ್‌ನಿಂದ ಗುಣಿಸಿದರೆ 414 ವ್ಯಾಟ್. ಒಳಗೆ ಹೋಗುವುದೇ ಅಷ್ಟಾದರೆ ಸಾವಿರ ವ್ಯಾಟ್ ಹೊರಗೆ ಎಲ್ಲಿಂದ ಬರಬೇಕು? ಹೊರಗೆ ಬರುವುದು ಮುನ್ನೂರರ ಆಸುಪಾಸು. ಎರಡು ಫ್ಯೂಸ್ ಇದ್ದರೆ ಕೂಡಿಸಿ. ಆ ಮೊತ್ತವೇ ನಿಮ್ಮ ವೈರು ಹೊರಬೇಕಾದ ಗರಿಷ್ಠ ಕರೆಂಟ್.

ಇನ್ನು ನಿಜವಾದ ಮೋಸದ ಜಾಗಕ್ಕೆ ಬರೋಣ. ನಂತೂರಿನಲ್ಲಿ ಸುಟ್ಟ ನಮ್ಮ ವೈರಿನ ಹೊರಗಿನ ಪಾರದರ್ಶಕ ಕೆಂಪು ಹೊದಿಕೆ ಕಿರುಬೆರಳಿನಷ್ಟು ದಪ್ಪ ಇತ್ತು. ಅದರ ಮೇಲೆ '8 ಗೇಜ್' ಎಂದು ಮುದ್ರಿಸಿತ್ತು. ಕೊಯ್ದು ನೋಡಿದರೆ ಒಳಗಿನ ಎಳೆಗಳ ಕಟ್ಟು ಪೆನ್ನಿನ ರೀಫಿಲ್‌ಗಿಂತ ದೊಡ್ಡದಿರಲಿಲ್ಲ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದಾಗ ಹೊರಗೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ. ಅಲ್ಯೂಮಿನಿಯಂ ಎಳೆಗೆ ತಾಮ್ರದ ತೆಳುವಾದ ಲೇಪ ಕೊಟ್ಟ ವೈರು ಅದು. ಇದನ್ನು ಚುಟುಕಾಗಿ ಸಿಸಿಎ ಎನ್ನುತ್ತಾರೆ. ಇದು ಕರೆಂಟ್ ಒಯ್ಯುವ ಸಾಮರ್ಥ್ಯದಲ್ಲಿ ಅದೇ ದಪ್ಪದ ತಾಮ್ರದ ಮೂರನೇ ಎರಡು ಪಾಲಿನಷ್ಟು. ಮೇಲಿನ ಲೆಕ್ಕದಲ್ಲಿ 0.0175 ಇದ್ದಲ್ಲಿ 0.027 ಹಾಕಿ. ಒಳಗಿರುವುದು ಬರೀ 4 ಸ್ಕ್ವೇರ್ ಎಂಎಂ ಎಂದುಕೊಳ್ಳಿ. ಐದು ಮೀಟರ್, 40 ಆಂಪಿಯರ್‌ಗೆ ನಷ್ಟ 1.35 ವೋಲ್ಟ್. ಅಂದರೆ 54 ವ್ಯಾಟ್ ಬಿಸಿ. ಕಾಲೇಜಿನ ಲ್ಯಾಬ್‌ನಲ್ಲಿ ಹಿಡಿಯುತ್ತೇವಲ್ಲ 25 ವ್ಯಾಟ್‌ನ ಸೋಲ್ಡರಿಂಗ್ ಐರನ್, ಅಂಥ ಎರಡರ ಬಿಸಿ ಕಾರ್ಪೆಟ್ ಅಡಿಯಲ್ಲಿ ಉದ್ದಕ್ಕೂ ಹರಡಿಕೊಂಡಿರುತ್ತದೆ.

ಅಲ್ಯೂಮಿನಿಯಂ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಮೆಸ್ಕಾಂ ಕಂಬಗಳ ಮೇಲೆ ನಮ್ಮ ಊರಿಗೆಲ್ಲ ಕರೆಂಟ್ ತರುತ್ತಿರುವುದು ಅಲ್ಯೂಮಿನಿಯಂ ತಂತಿಯೇ. ಅಲ್ಲಿ ಅದು ಅಲ್ಯೂಮಿನಿಯಂ ಎಂದು ಗೊತ್ತಿದ್ದೇ, ಅದಕ್ಕೆ ತಕ್ಕ ದಪ್ಪ ಲೆಕ್ಕ ಹಾಕಿಯೇ ಎಳೆದಿರುತ್ತಾರೆ. ಸಿಸಿಎ ವೈರನ್ನೂ ಸಿಸಿಎ ಎಂದು ಬರೆದು, ತಾಮ್ರಕ್ಕಿಂತ ಒಂದೂವರೆ ಪಟ್ಟು ದಪ್ಪದ್ದನ್ನು ಕೊಟ್ಟರೆ ಆಕ್ಷೇಪ ಕಡಿಮೆ. ತಪ್ಪಿರುವುದು ಲೋಹದಲ್ಲಲ್ಲ, ಅದರ ಹೆಸರನ್ನು ಮುಚ್ಚಿಡುವುದರಲ್ಲಿ.

'ಗೇಜ್' ಎಂಬ ಮಾತೂ ಇಂಥದೇ ಒಂದು ಮರೆ. ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ವೈರು ದಪ್ಪ ಎಂಬುದು ಹಲವರಿಗೆ ಗೊತ್ತು. ಆದರೆ ಗೇಜ್‌ನಲ್ಲೇ ಅಮೆರಿಕದ ಪದ್ಧತಿ ಬೇರೆ, ಬ್ರಿಟಿಷರ ಪದ್ಧತಿ ಬೇರೆ. ಅಮೆರಿಕದ 8 ಗೇಜ್ ಎಂದರೆ ಸುಮಾರು 8.4 ಸ್ಕ್ವೇರ್ ಎಂಎಂ. ಬ್ರಿಟಿಷ್ 8 ಗೇಜ್ ಎಂದರೆ ಸುಮಾರು 13. ಕಾರ್ ಆಡಿಯೊದಲ್ಲಿ ಹೇಳುವುದು ಅಮೆರಿಕದ ಲೆಕ್ಕವನ್ನು. ಕೆಲವು ಅಗ್ಗದ ಕಿಟ್‌ಗಳಲ್ಲಿ ಇದು ಎರಡೂ ಅಲ್ಲದ ಮೂರನೇ ಲೆಕ್ಕ, ಅಂದರೆ ಹೊದಿಕೆಯ ದಪ್ಪ! ಆದ್ದರಿಂದ ಗೇಜ್ ಬಿಟ್ಟುಬಿಡಿ. "ಅಣ್ಣ, ಇದು ಎಷ್ಟು ಸ್ಕ್ವೇರ್ ಎಂಎಂ? ಪೂರ್ತಿ ತಾಮ್ರವಾ?" ಎಂದು ಕೇಳಿ. ಉತ್ತರ ಸಿಗದಿದ್ದರೆ ಅದೇ ಉತ್ತರ. ಕೈಯಲ್ಲಿ ಎತ್ತಿ ನೋಡಿದರೂ ಸ್ವಲ್ಪ ಗೊತ್ತಾಗುತ್ತದೆ. ತಾಮ್ರದ ಸಾಂದ್ರತೆ ಅಲ್ಯೂಮಿನಿಯಂನ ಮೂರು ಪಟ್ಟಿಗಿಂತ ಹೆಚ್ಚು. ದಪ್ಪ ಕಂಡರೂ ಹಗುರ ಇದ್ದರೆ ಅನುಮಾನಪಡಿ.

ಒಂದು ಎಚ್ಚರಿಕೆ. ಎಳೆ ಬೆಳ್ಳಗಿದೆ ಎಂದ ಕೂಡಲೇ ಅಲ್ಯೂಮಿನಿಯಂ ಎಂದು ತೀರ್ಮಾನಿಸಬೇಡಿ. ತಾಮ್ರದ ಎಳೆಗೆ ತವರದ ಲೇಪ ಕೊಟ್ಟ ಒಳ್ಳೆಯ ವೈರೂ ಬರುತ್ತದೆ. ಅದು ಹೊರಗೆ ಬೆಳ್ಳಗೆ, ಕೆರೆದರೆ ಒಳಗೆ ಕೆಂಪು. ಸಿಸಿಎ ಇದಕ್ಕೆ ತಿರುಗಾಮುರುಗಾ. ನಮ್ಮ ಕರಾವಳಿಗೆ ನನ್ನ ಮತ ಈ ತವರ ಲೇಪದ ತಾಮ್ರಕ್ಕೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಊರು ನಮ್ಮದು. ಪಣಂಬೂರು, ಉಳ್ಳಾಲದ ಕಡೆಯವರಿಗಂತೂ ಗೇಟಿನ ಬೀಗ ಎಷ್ಟು ಬೇಗ ತುಕ್ಕು ಹಿಡಿಯುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ಉಪ್ಪಿನ ತೇವ ತಗಲಿದಾಗ ತಾಮ್ರ ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ಅಂಟಿಕೊಂಡಿದ್ದರೆ ಅಲ್ಯೂಮಿನಿಯಂ ಬೇಗ ಸವೆಯುತ್ತದೆ. ವೈರಿನ ತುದಿಯಲ್ಲಿ ಬಿಳಿ ಪುಡಿ ಕಾಣುತ್ತದೆ, ಜೋಡಣೆ ಸಡಿಲವಾಗುತ್ತದೆ, ಸಡಿಲವಾದಲ್ಲಿ ಬಿಸಿ ಹೆಚ್ಚುತ್ತದೆ. ಯಾವ ವೈರಾದರೂ ಸರಿ, ತುದಿಗೆ ಲಗ್ ಒತ್ತಿಸಿ, ಮೇಲೆ ಹೀಟ್‌ಶ್ರಿಂಕ್ ಸ್ಲೀವ್ ಹಾಕಿಸಿ. ಬರೀ ಇನ್ಸುಲೇಶನ್ ಟೇಪ್ ಸುತ್ತಿದರೆ ನಮ್ಮ ಸೆಕೆಗೆ ಅದರ ಅಂಟು ಬಹಳ ದಿನ ನಿಲ್ಲುವುದಿಲ್ಲ.

ಇಷ್ಟಾದರೂ ನಮ್ಮ ಕಾರಿನಲ್ಲಿ ಹೊಗೆ ಬಂದದ್ದು ವೈರು ಸಪೂರ ಇದ್ದದ್ದಕ್ಕೆ ಮಾತ್ರವಲ್ಲ. ಬಾನೆಟ್‌ನಿಂದ ಕಾರಿನ ಒಳಗೆ ವೈರು ಬರುವ ಕಡೆ ತಗಡಿನಲ್ಲಿ ಒಂದು ತೂತು. ಅದಕ್ಕೆ ರಬ್ಬರ್ ಬುಶ್ ಹಾಕಿರಲಿಲ್ಲ. ನಮ್ಮ ರಸ್ತೆಯ ಹೊಂಡಗಳಿಗೆ ಕಾರು ಕುಲುಕಿದಂತೆಲ್ಲ ತಗಡಿನ ಅಂಚು ಹೊದಿಕೆಯನ್ನು ಗರಗಸದ ಹಾಗೆ ಕೊಯ್ದಿತ್ತು. ಬ್ಯಾಟರಿಯ ಪಾಸಿಟಿವ್ ನೇರವಾಗಿ ಕಾರಿನ ಬಾಡಿಗೆ ತಗಲಿತು. ಸ್ಟಾರ್ಟರ್ ತಿರುಗಿಸಲು ನೂರಾರು ಆಂಪಿಯರ್ ಕೊಡುವ ಬ್ಯಾಟರಿ ಅದು. ಅಷ್ಟೂ ಕರೆಂಟ್ ಆ ಸಪೂರ ವೈರಿನಲ್ಲಿ ನುಗ್ಗಿತು.

"ಫ್ಯೂಸ್ ಇರ್ಲಿಲ್ವಾ?" ಎಂದು ಕೇಳುತ್ತೀರಿ. ಇತ್ತು. ಹಿಂದೆ ಡಿಕ್ಕಿಯಲ್ಲಿ, ಆಂಪ್ಲಿಫೈಯರ್‌ನ ಪಕ್ಕದಲ್ಲಿ. "ಸುಟ್ಟರೆ ಬದಲಾಯಿಸಲು ಸುಲಭ" ಎಂದು ಅಲ್ಲಿ ಹಾಕಿದ್ದರು. ಶಾರ್ಟ್ ಆದದ್ದು ಮುಂದೆ, ಫ್ಯೂಸ್ ಇದ್ದದ್ದು ಹಿಂದೆ. ಗದ್ದೆಗೆ ನೀರು ಬರುವ ತೋಡಿನ ಬಾಯಿಯಲ್ಲಿ ಇಡಬೇಕಾದ ಹಲಗೆಯನ್ನು ಕೊನೆಯ ಗದ್ದೆಯಲ್ಲಿ ಇಟ್ಟ ಹಾಗೆ. ಇದೊಂದು ಮಾತನ್ನು ಈ ಲೇಖನದಿಂದ ನೆನಪಿಟ್ಟುಕೊಂಡರೆ ಸಾಕು. ಆ ಮುಖ್ಯ ಫ್ಯೂಸ್ ಇರುವುದು ಆಂಪ್ಲಿಫೈಯರ್ ಉಳಿಸುವುದಕ್ಕಲ್ಲ, ವೈರನ್ನು ಉಳಿಸುವುದಕ್ಕೆ. ಅದು ಬ್ಯಾಟರಿಯ ಪಾಸಿಟಿವ್‌ನಿಂದ ಒಂದೂವರೆ ಅಡಿಯ ಒಳಗೆ ಇರಬೇಕು. ಅದರ ಆಂಪಿಯರ್ ಆ ವೈರು ತಡೆದುಕೊಳ್ಳುವುದಕ್ಕಿಂತ ಹೆಚ್ಚಿರಬಾರದು. ಫ್ಯೂಸ್ ಪದೇ ಪದೇ ಹೋಗುತ್ತಿದೆ ಎಂದು ದೊಡ್ಡ ಫ್ಯೂಸ್ ಹಾಕಿಸುವುದು ಜ್ವರ ಬಂದಾಗ ಥರ್ಮಾಮೀಟರ್ ಬದಲಾಯಿಸಿದ ಹಾಗೆ.

ಅರ್ತ್ ವೈರಿನದ್ದೂ ಇದೇ ಕತೆ. ಹೋದ ಕರೆಂಟ್ ಅಷ್ಟೂ ವಾಪಸು ಬರಬೇಕು. ಹಾಗಾಗಿ ಅದೂ ಪಾಸಿಟಿವ್‌ನಷ್ಟೇ ದಪ್ಪ ಇರಬೇಕು, ಆದಷ್ಟು ಗಿಡ್ಡ ಇರಬೇಕು. ಬಾಡಿಯ ಬಣ್ಣ ಕೆರೆದು ಬರಿ ಲೋಹಕ್ಕೆ ಬೋಲ್ಟ್ ಮಾಡಿ, ಆಮೇಲೆ ತುಕ್ಕು ಹಿಡಿಯದಂತೆ ಮೇಲಿನಿಂದ ಬಣ್ಣವನ್ನೋ ಗ್ರೀಸನ್ನೋ ಹಚ್ಚಬೇಕು. ಬೇಸ್ ಹೊಡೆದಾಗಲೆಲ್ಲ ಹೆಡ್‌ಲೈಟ್ ಮಂಕಾದರೆ "ಕೆಪಾಸಿಟರ್ ಹಾಕುವ" ಎನ್ನುವವರಿದ್ದಾರೆ. ಮೊದಲು ವೈರು, ಅರ್ತ್, ಬ್ಯಾಟರಿ ಪರೀಕ್ಷಿಸಿ. ಮಲ್ಟಿಮೀಟರ್ ಇದ್ದವರು ಜೋರಾಗಿ ಹಾಡು ಹಾಕಿ, ಬ್ಯಾಟರಿಯಲ್ಲಿ ಎಷ್ಟು ವೋಲ್ಟ್, ಆಂಪ್ಲಿಫೈಯರ್‌ನಲ್ಲಿ ಎಷ್ಟು ಎಂದು ಅಳೆದರೆ ಕಳ್ಳ ಎಲ್ಲಿದ್ದಾನೆಂದು ಐದು ನಿಮಿಷದಲ್ಲಿ ತಿಳಿಯುತ್ತದೆ.

ಇದನ್ನೆಲ್ಲ ಓದಿ ದುಬಾರಿ ವೈರಿನ ಹಿಂದೆ ಓಡಬೇಕಾಗಿಲ್ಲ. ಆಮ್ಲಜನಕವಿಲ್ಲದ ತಾಮ್ರ, ಇಂಥ ವೈರಿನಿಂದ ಸ್ವರವೇ ಬೇರೆ ಎಂದೆಲ್ಲ ಹೇಳಿ ಮಾರುವವರಿದ್ದಾರೆ. ವಿದ್ಯುತ್ ಒಯ್ಯುವ ವೈರಿಗೆ ಬೇಕಾದದ್ದು ಪೂರ್ತಿ ತಾಮ್ರ, ಸಾಕಷ್ಟು ದಪ್ಪ, ಸೂಕ್ಷ್ಮವಾದ ಹಲವು ಎಳೆಗಳು ಮತ್ತು ಎಂಜಿನ್‌ನ ಬಿಸಿ, ಎಣ್ಣೆ ತಡೆಯುವ ಹೊದಿಕೆ. ಅದಕ್ಕಿಂತ ಹೆಚ್ಚಿನ ಮಂತ್ರ ಯಾವುದೂ ಇಲ್ಲ. ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವ ತಾಮ್ರದ ವೆಲ್ಡಿಂಗ್ ಕೇಬಲ್‌ಗೂ ಈ ಗುಣ ಬಹುಪಾಲು ಇರುತ್ತದೆ, ಅದನ್ನು ಸ್ಕ್ವೇರ್ ಎಂಎಂ ಲೆಕ್ಕದಲ್ಲೇ ಮಾರುತ್ತಾರೆ. ಆದರೆ ವೆಲ್ಡಿಂಗ್ ಕೇಬಲ್‌ನಲ್ಲೂ ಅಲ್ಯೂಮಿನಿಯಂನದ್ದು ಬರುತ್ತದೆ, ಕೇಳಿ ತೆಗೆದುಕೊಳ್ಳಿ. ಬರೀ ಸ್ಟೀರಿಯೊ ಮತ್ತು ಬಾಗಿಲಿನ ಸ್ಪೀಕರ್ ಬದಲಾಯಿಸುವವರು, ಪ್ರತ್ಯೇಕ ಆಂಪ್ಲಿಫೈಯರ್ ಇಲ್ಲದಿದ್ದರೆ, ಸಾಮಾನ್ಯವಾಗಿ ಬ್ಯಾಟರಿಯಿಂದ ಹೊಸ ವೈರು ಎಳೆಯುವ ಅಗತ್ಯವೇ ಇಲ್ಲ. ಕಂಪನಿಯಿಂದ ಬಂದ ವೈರಿಂಗ್ ಸಾಕು. ಅದನ್ನು ಕತ್ತರಿಸದೆ ಕಪ್ಲರ್ ಹಾಕಿಸಿಕೊಳ್ಳಿ.

"ಇದೆಲ್ಲ ಹಾಕುವವರಿಗೆ ಗೊತ್ತಿರಬೇಕಾದದ್ದು, ನಮಗೆ ಯಾಕೆ ತಲೆಬಿಸಿ?" ಎಂಬ ಪ್ರಶ್ನೆ ಬರಬಹುದು. ನನ್ನ ಅಭಿಪ್ರಾಯ ಇಲ್ಲಿ ಸ್ವಲ್ಪ ಬೇರೆ. ಅಣ್ಣನ ಕಾರಿಗೆ ವೈರು ಎಳೆದ ಹುಡುಗನಿಗೆ ನನ್ನದೇ ವಯಸ್ಸು. ಕೈ ಚುರುಕು. ಡ್ಯಾಶ್‌ಬೋರ್ಡ್‌ಗೆ ಒಂದು ಗೀರೂ ಬೀಳದಂತೆ ಬಿಚ್ಚಿ ಜೋಡಿಸಿದ. ಆದರೆ ಅವನು ಕಲಿತದ್ದು ತನಗಿಂತ ಮೊದಲು ಆ ಅಂಗಡಿಯಲ್ಲಿದ್ದವನಿಂದ. ಅವನಿಗೆ ಕಲಿಸಿದವನಿಗೂ ಫ್ಯೂಸ್ ಎಲ್ಲಿರಬೇಕೆಂದು ಯಾರೂ ಹೇಳಿರಲಿಕ್ಕಿಲ್ಲ. ಇತ್ತ ಥಿಯರಿ ಓದಿದ ನಾನು ಅವನ ಪಕ್ಕದಲ್ಲೇ ಮೊಬೈಲ್ ನೋಡುತ್ತಾ ನಿಂತಿದ್ದೆ. ಕೈಕೆಲಸ ಬಲ್ಲವನಿಗೆ ಲೆಕ್ಕ ಗೊತ್ತಿಲ್ಲ, ಲೆಕ್ಕ ಬಲ್ಲವನಿಗೆ ಅದು ಇಲ್ಲಿ ಬಳಕೆಗೆ ಬರುತ್ತದೆಂದು ಗೊತ್ತಿಲ್ಲ. ಹೊಗೆ ಬಂದದ್ದು ಈ ಎರಡರ ನಡುವಿನ ಸಂದಿಯಿಂದ.

ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಇಲ್ಲೊಂದು ದಾರಿಯೂ ಇದೆ. ಕದ್ರಿಯ ಕೆಪಿಟಿಯಲ್ಲೋ, ಐಟಿಐಗಳಲ್ಲೋ ಎಲೆಕ್ಟ್ರಿಕಲ್, ಆಟೊಮೊಬೈಲ್ ಓದಿ ಹೊರಬಂದವರು ಕಾರ್ ಆಡಿಯೊ ಕೆಲಸವನ್ನು ಸಣ್ಣದೆಂದು ನೋಡುವುದುಂಟು. ಆದರೆ ಕಡಿಮೆ ವೋಲ್ಟ್, ಹೆಚ್ಚು ಆಂಪಿಯರ್ ಎಂಬ ಇದೇ ಲೆಕ್ಕ ಇನ್ವರ್ಟರ್‌ನಲ್ಲಿದೆ, ಬ್ಯಾಟರಿ ಇರುವ ಸೋಲಾರ್ ವ್ಯವಸ್ಥೆಯಲ್ಲಿದೆ, ರಸ್ತೆಯಲ್ಲಿ ಹೆಚ್ಚುತ್ತಿರುವ ಎಲೆಕ್ಟ್ರಿಕ್ ರಿಕ್ಷಾಗಳಲ್ಲಿದೆ. ಲಗ್ ಸರಿಯಾಗಿ ಒತ್ತಲು, ಫ್ಯೂಸ್ ಲೆಕ್ಕ ಹಾಕಲು, ಬುಶ್ ಇಲ್ಲದೆ ತಗಡು ದಾಟಿಸದಿರಲು ಒಮ್ಮೆ ಕಲಿತರೆ ಆ ಕೆಲಸ ಎಲ್ಲ ಕಡೆ ನಡೆಯುತ್ತದೆ. ಗ್ರಾಹಕರು ನಾಲ್ಕು ಜನ ಪ್ರಶ್ನೆ ಕೇಳತೊಡಗಿದರೆ ಅಂಗಡಿಯವರೂ ಉತ್ತರ ಗೊತ್ತಿರುವವರನ್ನೇ ಹುಡುಕುತ್ತಾರೆ.

ಅಣ್ಣನ ಕಾರಿಗೆ ಈಗ ಹೊಸ ವೈರು ಬಂದಿದೆ. ಈ ಬಾರಿ ದೊಡ್ಡ ಆಂಪ್ಲಿಫೈಯರ್ ಕೊಟ್ಟು ಚಿಕ್ಕದನ್ನು ತಂದೆವು. ಉಳಿದ ದುಡ್ಡಿನಲ್ಲಿ 16 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್, ಒಳ್ಳೆಯ ಫ್ಯೂಸ್ ಹೋಲ್ಡರ್, ಹತ್ತಿಪ್ಪತ್ತು ರೂಪಾಯಿಯ ರಬ್ಬರ್ ಬುಶ್. ಕೆಲಸ ಮಾಡಿದ್ದು ಅದೇ ಹುಡುಗ, ಈ ಸಲ ಅವನ ಪಕ್ಕದಲ್ಲಿ ನಾನೂ ಕೂತು ಟಾರ್ಚ್ ಹಿಡಿದೆ. ಕೊನೆಗೆ ಅವನೇ "ಇನ್ನು ಎಲ್ಲರಿಗೂ ಫ್ಯೂಸ್ ಮುಂದೆಯೇ ಹಾಕ್ತೇನೆ" ಎಂದ. ಸದ್ದು ಮೊದಲಿಗಿಂತ ಕಡಿಮೆಯಾಗಿಲ್ಲ. ಆದರೆ ದೊಡ್ಡಮ್ಮ ಮಾತ್ರ ಕಾರು ಹತ್ತಿದ ಕೂಡಲೇ ಇವತ್ತಿಗೂ ಒಮ್ಮೆ ಮೂಗು ಅರಳಿಸಿ ವಾಸನೆ ನೋಡುತ್ತಾರೆ.

ನಿಮ್ಮ ಕಾರಿನಲ್ಲೋ, ನಿಮ್ಮ ಗೆಳೆಯನ ಕಾರಿನಲ್ಲೋ ಆಂಪ್ಲಿಫೈಯರ್ ಇದ್ದರೆ ಇವತ್ತು ಸಂಜೆ ಬಾನೆಟ್ ಎತ್ತಿ. ಬ್ಯಾಟರಿಯಿಂದ ಹೊರಟ ಆ ಕೆಂಪು ವೈರನ್ನು ಬೆರಳಿನಿಂದ ಹಿಂಬಾಲಿಸಿ. ಒಂದೂವರೆ ಅಡಿಯ ಒಳಗೆ ಫ್ಯೂಸ್ ಸಿಗಬೇಕು. ಸಿಗದಿದ್ದರೆ ಅದನ್ನು ಹಾಕಿಸುವವರೆಗೆ ಹಾಡು ನಿಂತಿರಲಿ, ಆ ವೈರು ಬ್ಯಾಟರಿಯಿಂದ ಕಳಚಿರಲಿ.